ಇತರೆಯವರ ಮೂಲೆ

ಬೀಗದವರು ಕಣ್ಣು ಮುಚ್ಚಿದ್ದು ಬೆಳಗಿನ ಜಾವ. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಅವರ ಮೇಲೆ ಹಕ್ಕು ಸಾಧಿಸುವವರು ಬಾಗಿಲಿಗೆ ಬಂದಾಗಿತ್ತು. ನಲವತ್ತು ವರ್ಷ ಈ ಮನೆಯ ಮೆಟ್ಟಿಲು ತುಳಿಯದ ಜನ! ಸತ್ತ ಮೇಲೆ ಉಕ್ಕಿ ಬರುವ ಈ ಪ್ರೀತಿಯಲ್ಲಿ ಕಾಲು ಪಾಲನ್ನು ಮೊದಲೇ ತೋರಿಸಿದ್ದರೆ ಆ ಪುಣ್ಯಾತ್ಮ ಇನ್ನೂ ನಾಲ್ಕು ದಿನ ಹೆಚ್ಚಿಗೆ ಇರುತ್ತಿದ್ದರೋ ಏನೋ. ಇರಲಿ, ಆ ಮಾತು ಈಗ ಬೇಡ.

ಬೀಗದವರು ಅಂದರೆ ಪೇಟೆ ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಕೈಗೆ ಜೋಡಿ ಮಾಡಿ ಕೊಡುತ್ತ ಕೂತಿದ್ದ ಮನುಷ್ಯ. ಅವರ ಹೆಂಡತಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ಭೂಗೋಳದ ಟೀಚರ್. ಇಬ್ಬರದೂ ಬೇರೆ ಬೇರೆ ಧರ್ಮ. ಯಾರದು ಯಾವುದು ಅಂತ ನಿಮಗೆ ಕೇಳಬೇಕು ಅನ್ನಿಸಿದೆ, ನನಗೆ ಗೊತ್ತು. ಹೇಳುವುದಿಲ್ಲ. ಅದನ್ನು ಕೇಳಿ ಕೇಳಿಯೇ ಆ ದಂಪತಿಯ ಜೀವ ಹಣ್ಣಾಗಿತ್ತು. ಇಬ್ಬರೂ ದೇವರನ್ನು ನಂಬಿದವರು, ಇಬ್ಬರೂ ತಮ್ಮ ತಮ್ಮ ಪ್ರಾರ್ಥನೆ ತಪ್ಪಿಸಿದವರಲ್ಲ, ಇಬ್ಬರ ಧರ್ಮದಲ್ಲೂ ಸತ್ತವರನ್ನು ಮಣ್ಣಿಗೆ ಕೊಡುತ್ತಾರೆ. ಇಷ್ಟು ತಿಳಿದರೆ ಸಾಕು, ಕಥೆ ಮುಂದಕ್ಕೆ ಹೋಗುತ್ತದೆ.

ಅವರಿಬ್ಬರ ಪರಿಚಯವಾದದ್ದು ಶಾಲೆಯ ಒಂದು ಕಪಾಟಿನ ಮುಂದೆ. ನಕ್ಷೆಗಳ ಕಪಾಟಿನ ಬೀಗ ಕಚ್ಚಿಕೊಂಡು, ಮರುದಿನದ ಪಾಠಕ್ಕೆ ಬೇಕಾದ ‘ಪ್ರಪಂಚದ ಪ್ರಮುಖ ಧರ್ಮಗಳು’ ನಕ್ಷೆ ಒಳಗೇ ಉಳಿದುಬಿಟ್ಟಿತ್ತು. ಬೀಗದವರು ಬಂದು, ಒಂದು ತಂತಿ ತೂರಿಸಿ, ಕಿವಿಯಿಟ್ಟು ಕೇಳಿ ಬಾಗಿಲು ತೆಗೆದರು. ಟೀಚರ್ ನಕ್ಷೆಯನ್ನು ಗೋಡೆಗೆ ನೇತುಹಾಕಿದರು. ಕೆಲಸ ಮುಗಿದ ಮನುಷ್ಯ ಹೋಗಬೇಕೋ ಬೇಡವೋ? ಹೋಗಲಿಲ್ಲ.

“ಇದರಲ್ಲಿ ನಾನೆಲ್ಲಿದ್ದೀನಿ ಮೇಡಂ?”

ಟೀಚರ್ ಕೋಲಿನಿಂದ ತೋರಿಸಿದರು.

“ಇಷ್ಟು ದೊಡ್ಡ ದೇಶಕ್ಕೆಲ್ಲ ಒಂದೇ ಬಣ್ಣಾನಾ? ನಮ್ಮ ಬೀದಿಗೇ ಸಾಲಲ್ಲವಲ್ಲ ಇದು!”

“ಎಲ್ಲಿ ಯಾರು ಹೆಚ್ಚಿಗೆ ಇದಾರೋ ಅಲ್ಲಿ ಅವರ ಬಣ್ಣ ಬಳೀತಾರೆ.”

“ಮಿಕ್ಕವರು?”

“ಮಿಕ್ಕವರು ಆ ಬಣ್ಣದ ಅಡೀಲಿರ್ತಾರೆ.”

“ಅಯ್ಯೋ ಪಾಪ, ಉಸಿರಾಡೋದು ಹೇಗೆ?” ಅಂದರು ಬೀಗದವರು. ಪಾಠದ ಕೋಣೆಯಲ್ಲಿ ಹಲ್ಲು ತೋರಿಸದ ಟೀಚರ್ ಅವತ್ತು ನಕ್ಕುಬಿಟ್ಟರು. ನಕ್ಕ ಮೇಲೆ ಇನ್ನೇನಿದೆ, ಮದುವೆಯೇ ಆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸಂಸಾರ ಇದು, ಆರು ತಿಂಗಳು ಬಾಳಿದರೆ ಹೆಚ್ಚು ಅಂತ ಎರಡೂ ಕಡೆಯವರು ಮೂಗು ಮುರಿದರು. ಮೂಗು ಮುರಿದವರಲ್ಲಿ ಎಷ್ಟೋ ಜನ ಹೋಗಿಯೂ ಆಯಿತು, ಇವರ ಸಂಸಾರ ಮಾತ್ರ ನಡೆಯಿತು.

ಈಗ ಬಾಗಿಲಿಗೆ ಬಂದು ನಿಂತವರಲ್ಲಿ ಮುಂದಾಳು ಬೀಗದವರ ಅಣ್ಣ, ಟೀಚರ್‌ಗೆ ಭಾವ. ಬಟ್ಟೆ ವ್ಯಾಪಾರಿ, ತಮ್ಮ ಧರ್ಮದವರ ಸಂಘಕ್ಕೆ ಹಿರಿಯ, ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳುವುದು ಅವರೇ. ಚಪ್ಪಲಿ ಬಿಟ್ಟು ಒಳಗೆ ಬಂದು, ತಮ್ಮನ ಮುಖ ನೋಡಿ, ಸ್ವಲ್ಪ ಹೊತ್ತು ಮಂಚದ ಕಾಲು ಹಿಡಿದು ನಿಂತರು. ಅವರು ಅತ್ತದ್ದು ನಿಜ. ಅದನ್ನು ಅಲ್ಲಗಳೆಯುವ ಕೆಟ್ಟತನ ನನಗಿಲ್ಲ.

ಕಣ್ಣೊರೆಸಿಕೊಂಡು ಅಂದರು: “ಎಲ್ಲ ವ್ಯವಸ್ಥೆ ಆಗಿದೆಯಮ್ಮ. ಸ್ಮಶಾನದಲ್ಲಿ ನಮ್ಮ ಭಾಗದಲ್ಲೇ, ಅಪ್ಪನ ಪಕ್ಕದಲ್ಲಿ. ಗುಂಡಿ ತೋಡೋಕೆ ಹೇಳಿಬಂದೆ. ನೀನು ಯಾವುದಕ್ಕೂ ತಲೆ ಕೆಡಿಸ್ಕೋಬೇಡ.”

ಟೀಚರ್ ಗಂಡನ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದೇಳಲಿಲ್ಲ. “ಒಂದು ಪಕ್ಕ ಮಾವನವರು. ಇನ್ನೊಂದು ಪಕ್ಕ?”

“ಅದು ಖಾಲಿ ಇದೆ. ಯಾಕೆ?”

“ಅದು ನನಗೆ ಬೇಕು.”

ಭಾವ ಸುತ್ತ ನಿಂತವರ ಮುಖ ನೋಡಿದರು. “ಅದು ಹೇಗಾಗುತ್ತಮ್ಮ? ಅದು ನಮ್ಮವರ ಜಾಗ.”

“ನಲವತ್ತು ವರ್ಷ ಇವರ ಪಕ್ಕ ನಾನೇ ಮಲಗಿದ್ದು. ಅವಾಗ ಅದು ಯಾರ ಜಾಗ ಆಗಿತ್ತು?”

ಬಾಗಿಲ ಬಳಿ ಯಾರೋ ಕೆಮ್ಮಿದರು. ಭಾವನಿಗೆ ಕಿವಿ ಕೆಂಪಾಯಿತು. ಆದರೂ ಹಿರಿಯ ಮನುಷ್ಯ, ತಾಳ್ಮೆ ತಂದುಕೊಂಡು ಹೇಳಿದರು: “ಬೇಕು ಅಂದ್ರೆ ದಾರಿ ಇಲ್ಲ ಅಂತಲ್ಲ. ನಮ್ಮ ಧರ್ಮ ಯಾರನ್ನೂ ದೂಡೋದಿಲ್ಲ. ನೀನು ನಮ್ಮೋಳಾಗು. ನಾಲ್ಕು ಜನರ ಮುಂದೆ ನಾಲ್ಕು ಮಾತು ಹೇಳು, ಒಂದು ಸಹಿ ಹಾಕು. ಆ ಜಾಗ ನಿನ್ನದೇ, ನಾನೇ ಕಾದಿಡ್ತೀನಿ.”

ಮಾತು ಕೆಟ್ಟದ್ದಲ್ಲ, ಒಪ್ಪಬೇಕು. ಟೀಚರ್ ತಾವೇ ಎಷ್ಟೋ ವರ್ಷ ಕರಿಹಲಗೆಯ ಮೇಲೆ ಅದನ್ನು ಬರೆದಿದ್ದರು: ಧರ್ಮಗಳಲ್ಲಿ ಎರಡು ಬಗೆ, ಬಂದವರನ್ನೆಲ್ಲ ಸೇರಿಸಿಕೊಳ್ಳುವವು, ಹುಟ್ಟಿನಿಂದ ಮಾತ್ರ ಸೇರಬಹುದಾದವು. ಮೊದಲನೆಯವು ಭೂಮಿಯೆಲ್ಲ ಹರಡುತ್ತವೆ, ಎರಡನೆಯವು ಹೆಚ್ಚಾಗಿ ತಮ್ಮ ಜನ ಇದ್ದಲ್ಲೇ ಇರುತ್ತವೆ. ಬರೆಯುವಾಗ ಆ ಬಾಗಿಲು ಅವರಿಗೆ ಅಗಲವಾಗಿ ಕಂಡಿತ್ತು. ಈಗ ಅದರ ಮುಂದೆ ನಿಂತಾಗ, ಚಪ್ಪಲಿಯ ಜೊತೆ ಕಾಲನ್ನೂ ಹೊರಗೆ ಬಿಟ್ಟು ಬಾ ಅಂದ ಹಾಗಿತ್ತು.

“ಭಾವ,” ಅಂದರು, “ಇವರು ಒಂದು ದಿನ, ಒಂದೇ ಒಂದು ದಿನ, ನೀನು ನನ್ನ ಕಡೆ ಬಾ ಅಂತ ಕೇಳಲಿಲ್ಲ. ಜಗಳ ಆಡಿದಾಗಲೂ ಕೇಳಲಿಲ್ಲ. ಇವರು ಬಾಯಿ ಮುಚ್ಚಿದ ಮೇಲೆ ನೀವು ಕೇಳ್ತಿದ್ದೀರಲ್ಲ, ಚೆನ್ನಾಗಿದೆ! ನನಗೂ ಒಬ್ಬ ದೇವರಿದ್ದಾನೆ. ಆರಡಿ ಜಾಗಕ್ಕೋಸ್ಕರ ಅವನನ್ನ ಬಿಟ್ಟರೆ ನಾಳೆ ಅವನ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?”

ಅಷ್ಟರಲ್ಲಿ ಟೀಚರ್ ತಂಗಿ ಬಂದಳು. ಬಾಗಿಲಲ್ಲೇ ಗೋಳೋ ಅಂದು, ಅಕ್ಕನನ್ನು ತಬ್ಬಿ ಅತ್ತು, ವಿಷಯ ಏನೆಂದು ತಿಳಿದ ಕೂಡಲೇ ಕಣ್ಣೊರೆಸಿಕೊಂಡು ಸಂಧಾನಕ್ಕೆ ಇಳಿದಳು. ಅವಳ ಸ್ವಭಾವವೇ ಹಾಗೆ, ಅಳು ಒಂದು ಕಣ್ಣಲ್ಲಿ, ಲೆಕ್ಕಾಚಾರ ಇನ್ನೊಂದು ಕಣ್ಣಲ್ಲಿ. “ಅಕ್ಕ, ಸುಮ್ಮನೆ ಯಾಕೆ ಹಟ? ನಿನ್ನ ಯಜಮಾನರು ಅವರ ಭಾಗದಲ್ಲಿರಲಿ. ನಿನಗೆ ನಮ್ಮ ಭಾಗದಲ್ಲಿ ಅಮ್ಮನ ಪಕ್ಕ ಜಾಗ ಇದ್ದೇ ಇದೆ. ಮಧ್ಯ ಒಂದು ಬೇಲಿ ತಾನೆ? ಕೂಗಿದರೆ ಕೇಳಿಸುತ್ತೆ.”

“ಸತ್ತೋಳು ಹೇಗೆ ಕೂಗಲೇ?”

ನೋಡಿ, ಎಲ್ಲರೂ ಜಾಗ ಕೊಡುವವರೇ. ಎಲ್ಲರೂ ಕೈಯೆತ್ತಿ ದಾನ ಮಾಡುವ ಕರ್ಣರೇ. ಒಬ್ಬೊಬ್ಬರಿಗೆ ಕೊಡುತ್ತಾರೆ, ಇಬ್ಬರಿಗೆ ಮಾತ್ರ ಕೊಡುವುದಿಲ್ಲ. ಟೀಚರ್ ಗಂಡನ ಹೊದಿಕೆಯ ಅಂಚು ಸರಿ ಮಾಡಿ ಎದ್ದರು. ಮಗಳಿಗೆ, “ಬಾ, ಸ್ಮಶಾನದ ಆಫೀಸಿಗೆ ಹೋಗಿಬರೋಣ” ಅಂದರು. ಭಾವನ ಕಡೆ ತಿರುಗಿ, “ನಾನು ಬರೋವರೆಗೂ ಇವರನ್ನ ಯಾರೂ ಮುಟ್ಟಕೂಡದು” ಅಂದರು. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ದನಿ ಅದು. ಯಾರೂ ಮುಟ್ಟಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಸಾವು ಅವಳಿಗೆ ಹೊಸದಲ್ಲ, ಅಪ್ಪನ ಸಾವು ಮಾತ್ರ ಹೊಸದು. ಸ್ಮಶಾನದ ಗೇಟಿನ ಹತ್ತಿರ ಅವಳು ಕೇಳಿದಳು: “ಅಮ್ಮ, ಅಪ್ಪ ದೇವರನ್ನ ನಂಬಿದ್ದವರು. ಅವರ ಜನದ ಮಧ್ಯದಿಂದ ಅವರನ್ನ ಎತ್ಕೊಂಡು ಹೋದರೆ ಅವರ ಮನಸ್ಸಿಗೆ ನೋವಾಗಲ್ವಾ?”

ಟೀಚರ್ ನಿಂತರು. ಬೆಳಗಿನಿಂದ ಯಾರೂ ಕೇಳದ ನಿಜವಾದ ಪ್ರಶ್ನೆ ಇದು. ಭಾವನ ಜೊತೆ ಜಗಳ ಸುಲಭ, ಈ ಪ್ರಶ್ನೆಯ ಜೊತೆ ಕಷ್ಟ. ತನ್ನ ಆಸೆಗೆ ಗಂಡನ ನಂಬಿಕೆಯನ್ನು ಬಲಿ ಕೊಡುತ್ತಿದ್ದೇನೆಯೇ? ಗೇಟಿನ ಕಂಬ ಹಿಡಿದು ಯೋಚಿಸಿದರು. ಆಮೇಲೆ ಅಂದರು: “ನಿಮ್ಮಪ್ಪ ನಂಬಿದ್ದು ದೇವರನ್ನ ಕಣೇ. ಬೇಲಿಯನ್ನಲ್ಲ. ಬೇಲಿ ಮೇಲೆ ನಂಬಿಕೆ ಇದ್ದಿದ್ದರೆ ನೀನು ಹುಟ್ಟುತ್ತಿರಲಿಲ್ಲ.”

ಮಗಳು ಅಮ್ಮನ ತೋಳು ಹಿಡಿದುಕೊಂಡಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಫೀಸು ಅಂದರೆ ಗೇಟಿನ ಪಕ್ಕದ ಒಂದು ಕೋಣೆ. ಮೇಜು, ಎರಡು ಕುರ್ಚಿ, ಗೋಡೆಗೆ ಸ್ಮಶಾನದ ನಕ್ಷೆ. ಮೇಜಿನ ಹಿಂದಿನ ಗುಮಾಸ್ತ ಟೀಚರನ್ನು ನೋಡಿದ ಕೂಡಲೇ ಧಡಕ್ಕನೆ ಎದ್ದುನಿಂತ. ಹಳೆಯ ಶಿಷ್ಯ. ತರಗತಿಯಲ್ಲಿ ಅವನಿಗೆ ‘ಗೆರೆ’ ಅಂತಲೇ ಹೆಸರು, ಯಾಕೆಂದರೆ ನಕ್ಷೆಗೆ ಬಣ್ಣ ತುಂಬುವಾಗ ಅವನ ಬಣ್ಣ ಒಂದು ದಿನವೂ ಗೆರೆ ದಾಟಿದ್ದಿಲ್ಲ. ಗೋಡೆಯ ನಕ್ಷೆಯೂ ಅವನ ಕೈಕೆಲಸವೇ. ಒಂದೊಂದು ಧರ್ಮದ ಭಾಗಕ್ಕೆ ಒಂದೊಂದು ಬಣ್ಣ, ನಡುನಡುವೆ ಬೇಲಿಗೆ ಕಪ್ಪು ಗೆರೆ, ಮೂಲೆಯಲ್ಲಿ ಬಣ್ಣಗಳ ವಿವರಣೆ. ನೀರಿನ ಪಂಪಿನ ಮನೆಯ ಹಿಂದೆ ಒಂದು ಚೂರು ಜಾಗಕ್ಕೆ ಬೂದು ಬಣ್ಣ, ಅದಕ್ಕೆ ‘ಇತರೆ’ ಅಂತ ಬರೆದಿತ್ತು. ಥೇಟ್ ಟೀಚರ್ ಕಲಿಸಿದ ಹಾಗೆಯೇ!

ಗೆರೆ ದುಃಖ ಹೇಳಿಕೊಂಡ. ತಾನು ಓದುತ್ತಿದ್ದಾಗ ಸೈಕಲ್ಲಿನ ಬೀಗಕ್ಕೆ ಬೀಗದವರು ಪುಕ್ಕಟೆ ಕೀಲಿ ಮಾಡಿಕೊಟ್ಟದ್ದನ್ನು ನೆನೆದ. ಆಮೇಲೆ ಮೆತ್ತಗೆ ನಿಯಮ ಹೇಳಿದ. ಒಂದೊಂದು ಭಾಗ ಆಯಾ ಧರ್ಮದವರಿಗೆ ಮಾತ್ರ. ಗಂಡ ಹೆಂಡತಿ ಆದರೂ ಅಷ್ಟೆ.

“ಆ ಬೂದು ಜಾಗದಲ್ಲಿ ಯಾರಿದಾರೆ?” ಟೀಚರ್ ಕೇಳಿದರು.

“ಅದು ಇತರೆಯವರ ಮೂಲೆ ಟೀಚರ್. ಹಡಗಿನಿಂದ ಬಂದು ಇಲ್ಲಿ ಸತ್ತ ಒಬ್ಬ ನಾವಿಕ ಇದಾನೆ, ಯಾವ ದೇಶದವನೋ. ಒಂದು ಸಣ್ಣ ಧರ್ಮದ ಎರಡು ಮೂರು ಮನೆಯವರಿದಾರೆ, ಅವರಿಗೆ ಬೇರೆ ಭಾಗ ಮಾಡೋವಷ್ಟು ಜನ ಇಲ್ಲ. ಯಾವ ಧರ್ಮವೂ ಬೇಡ ಅಂದ ಒಬ್ಬರು ಡಾಕ್ಟ್ರು. ಗುರುತು ಸಿಗದವರು.”

“ಅಲ್ಲಿ ನನ್ನ ಯಜಮಾನರಿಗೆ ಜಾಗ ಬರೆ. ಪಕ್ಕದ್ದು ನನಗೆ.”

ಗೆರೆಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. “ಟೀಚರ್! ಅವರು ಇತರೆ ಅಲ್ಲ. ಅವರಿಗೆ ಇಷ್ಟು ದೊಡ್ಡ ಭಾಗ ಇದೆ. ನಿಮಗೂ ಇದೆ. ಜಾಗ ಇದ್ದೋರನ್ನ ಇತರೆಗೆ ಹಾಕೋಕೆ ಬರಲ್ಲ. ವರ್ಗೀಕರಣ ಕೆಟ್ಟುಹೋಗುತ್ತೆ.” ಗೋಡೆಯ ನಕ್ಷೆ ತೋರಿಸಿ, “ನೀವೇ ಕಲಿಸಿದ್ದಲ್ವಾ?” ಅಂದ. ಕಲಿಸಿದ ಗುರುವಿಗೇ ತಿರುಮಂತ್ರ!

ಟೀಚರ್ ಕುರ್ಚಿ ಎಳೆದುಕೊಂಡು ಕೂತರು. “ಸರಿಯಪ್ಪ. ಪಾಠವೇ ಮಾಡೋಣ. ಇತರೆ ಅಂದರೆ ಏನು, ಹೇಳು.”

ಗೆರೆ ಕೈಕಟ್ಟಿ ನಿಂತ. ನೆತ್ತಿಯ ಮೇಲೆ ಕೂದಲು ಉದುರಿದ ಮನುಷ್ಯ, ಕೈಕಟ್ಟಿ ನಿಂತ! “ಮೇಲೆ ಹೇಳಿದ ಯಾವ ವರ್ಗಕ್ಕೂ ಸೇರದಿರುವವರು.”

“ನಾವಿಬ್ಬರೂ ಯಾವ ವರ್ಗಕ್ಕೆ ಸೇರ್ತೀವಿ?”

“ಅವರು ಆ ಭಾಗಕ್ಕೆ, ನೀವು ಈ ಭಾಗಕ್ಕೆ.”

“ಒಬ್ಬೊಬ್ಬರ ಮಾತು ಕೇಳಲಿಲ್ಲ ನಾನು. ಇಬ್ಬರೂ ಸೇರಿ ಯಾವುದಕ್ಕೆ?”

“ಇಬ್ಬರೂ ಸೇರಿ… ಯಾವುದಕ್ಕೂ ಇಲ್ಲ ಟೀಚರ್. ಆದರೆ ನಾವು ಒಬ್ಬೊಬ್ಬರನ್ನೇ ಲೆಕ್ಕ ಹಿಡಿಯೋದು.”

“ನಾವು ಒಬ್ಬೊಬ್ಬರಾಗಿ ಬದುಕಲಿಲ್ಲವಲ್ಲೋ!” ಅಂದರು ಟೀಚರ್. ದನಿ ಒಡೆಯಿತು. ಒಡೆದರೂ ನಿಲ್ಲಲಿಲ್ಲ. “ಒಂದೇ ಒಲೆ, ಒಂದೇ ಹಾಸಿಗೆ, ಒಂದೇ ಮಗಳು. ಅವರಿಗೆ ಜ್ವರ ಬಂದರೆ ನಾನು ನನ್ನ ದೇವರನ್ನ ಕೇಳ್ತಿದ್ದೆ, ನನಗೆ ಬಂದರೆ ಅವರು ಅವರ ದೇವರನ್ನ ಕೇಳ್ತಿದ್ದರು. ಜ್ವರ ಇಳೀತಿತ್ತು. ಯಾರು ಇಳಿಸಿದ್ದು ಅಂತ ಯಾವ ಬಣ್ಣದಲ್ಲಿ ಬರೀತೀಯಾ? ಮೇಲೆ ಹೇಳಿದ ಯಾವುದಕ್ಕೂ ಸೇರದವರು ನಾವು. ನಿನ್ನ ನಿಯಮವನ್ನೇ ಕೇಳ್ತಿದ್ದೀನಿ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಕೇಳಲಿಲ್ಲ. ಬರೆ.”

ಗೆರೆ ಮಗಳ ಮುಖ ನೋಡಿದ. ಮಗಳು, “ಬರೀರಿ ಅಣ್ಣ” ಅಂದಳು. ಅವನು ಹಣೆ ಒರೆಸಿಕೊಂಡು, “ಮೇಲಿನವರು ಕೇಳಿದರೆ ಏನು ಹೇಳಲಿ?” ಅಂದ.

“ಟೀಚರ್ ಹೇಳಿಕೊಟ್ಟರು ಅನ್ನು. ನನ್ನ ಹತ್ತಿರ ಕಳಿಸು, ಅವರಿಗೂ ಹೇಳಿಕೊಡ್ತೀನಿ.”

ಬರೆದ. ಪಕ್ಕದ ಜಾಗ ಕಾದಿಡುವ ಬಗ್ಗೆ ತಲೆ ಕೆರೆದುಕೊಂಡ. ಬೇರೆ ಭಾಗಗಳಿಗೆಲ್ಲ ಅದಕ್ಕೆ ಒಂದೊಂದು ನಿಯಮವಿತ್ತು, ಇತರೆಯವರ ಮೂಲೆಗೆ ಮಾತ್ರ ಯಾವ ನಿಯಮವೂ ಇರಲಿಲ್ಲ. ಅಲ್ಲಿ ನನಗೊಂದು ಜಾಗ ಇಡಿ ಅಂತ ಬದುಕಿದ್ದವರು ಯಾರೂ ಅವತ್ತಿನವರೆಗೆ ಬಂದು ಕೇಳಿರಲಿಲ್ಲ. ನಿಯಮ ಇಲ್ಲದ ಮೇಲೆ ಬೇಡ ಅನ್ನುವುದು ಹೇಗೆ? ಅದನ್ನೂ ಬರೆದ.

ಮನೆಗೆ ಬಂದು ವಿಷಯ ಹೇಳಿದಾಗ ಭಾವ ಕೂತಲ್ಲಿಂದ ಎದ್ದುಬಿಟ್ಟರು. “ಏನು? ನನ್ನ ತಮ್ಮನನ್ನ ಇತರೆಯವರ ಮೂಲೇಲಿ ಹೂಳ್ತೀಯಾ? ದಿಕ್ಕುದೆಸೆ ಇಲ್ಲದವರ ಜೊತೆ? ಅವನಿಗೆ ಅಪ್ಪ ಅಮ್ಮ ಇರಲಿಲ್ವಾ, ಜನ ಇರಲಿಲ್ವಾ, ಧರ್ಮ ಇರಲಿಲ್ವಾ?”

“ಎಲ್ಲ ಇತ್ತು. ಹೆಂಡತಿಯೂ ಇದ್ದಳು. ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನೆನಪಿದೆ ನಿಮಗೆ.”

“ನಮ್ಮ ಹಿರಿಯರು ಮಲಗಿದ ಮಣ್ಣಮ್ಮ ಅದು! ನಮ್ಮ ಭಾಗ ಅಂದರೆ ಬರೀ ಜಾಗ ಅಲ್ಲ!”

“ಯಾವ ಮಣ್ಣು ಭಾವ?” ಟೀಚರ್ ಈಗ ಗಂಡನ ಹೆಣದ ಆ ಕಡೆ ನಿಂತಿದ್ದರು, ಭಾವ ಈ ಕಡೆ. “ನಿಮ್ಮ ಧರ್ಮ ಹುಟ್ಟಿದ್ದು ಈ ಮಣ್ಣಲ್ಲಿ ಅಲ್ಲ, ನಮ್ಮದೂ ಅಲ್ಲ. ಬಂದವರನ್ನೆಲ್ಲ ಸೇರಿಸ್ಕೊಳ್ಳೋ ಯಾವ ದೊಡ್ಡ ಧರ್ಮ ಹುಟ್ಟಿದಲ್ಲೇ ಕೂತಿದೆ? ಬೌದ್ಧರು ಬುದ್ಧ ನಡೆದಾಡಿದ ನೆಲದಲ್ಲಿ ಇರೋದಕ್ಕಿಂತ ಎಷ್ಟೋ ಪಾಲು ಹೆಚ್ಚು ಅದರ ಪೂರ್ವಕ್ಕೆ ಇದಾರೆ. ಯೇಸು ಓಡಾಡಿದ ಊರುಗಳು ಏಷ್ಯಾದಲ್ಲಿ, ಅವನ ಜನ ಹೆಚ್ಚಾಗಿ ಇರೋದು ಆಫ್ರಿಕಾದಲ್ಲಿ, ಅಮೆರಿಕಾಗಳಲ್ಲಿ, ಯೂರೋಪಿನಲ್ಲಿ. ಇಸ್ಲಾಂ ಹುಟ್ಟಿದ್ದು ಅರಬರ ಮರಳಲ್ಲಿ, ಈಗ ಅದನ್ನ ನಂಬೋರು ಅದರಾಚೆಯೇ ಹೆಚ್ಚು. ಹಡಗಿನಲ್ಲಿ ಬಂತು, ಒಂಟೆ ಮೇಲೆ ಬಂತು, ವ್ಯಾಪಾರಿಗಳ ಗಂಟುಮೂಟೆಯಲ್ಲಿ ಬಂತು, ಸೈನ್ಯದ ಜೊತೆ ಬಂತು, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಜೊತೆಯೂ ಬಂತು. ಅಷ್ಟು ಸಮುದ್ರ ದಾಟಿ ಬಂದದ್ದು ಇಲ್ಲಿಗೆ ಬಂದು ಒಂದು ಬೇಲಿ ದಾಟಲಾರದಾ?”

ಸಾವಿನ ಮನೆಯಲ್ಲಿ ಭೂಗೋಳದ ಪಾಠ ಕೇಳಿದವರು ಅವರೇ ಮೊದಲಿಗರಿರಬೇಕು.

ಭಾವ ಹಲ್ಲು ಕಚ್ಚಿ ಹೇಳಿದರು: “ಅಲ್ಲಿಗೆ ನಮ್ಮವರು ಯಾರೂ ಕಾಲಿಡಲ್ಲ. ಪ್ರಾರ್ಥನೆ ಇಲ್ಲದೆ ಹೋಗ್ತಾನೆ ಅವನು. ತೋಡಿಸಿದ ಗುಂಡಿ ಹಾಗೇ ಬಾಯಿ ತೆರೆದು ಬಿದ್ದಿದೆ ಅಲ್ಲಿ.”

“ತೋಡಿಸಿದವರೇ ಇಟ್ಕೊಳ್ಳಲಿ!”

ಅಂದುಬಿಟ್ಟರು. ಅಂದ ಮೇಲೆ ಟೀಚರ್‌ಗೆ ತಮಗೇ ಛೆ ಅನ್ನಿಸಿತು, ಆದರೆ ಆಡಿದ ಮಾತು ಒಡೆದ ಮುತ್ತು. ಭಾವ ಚಪ್ಪಲಿ ಮೆಟ್ಟಿ ಹೊರಟರು, ಅವರ ಹಿಂದೆ ಅವರ ಜನ. ಮನೆ ಖಾಲಿ ಖಾಲಿ ಆಯಿತು. ಟೀಚರ್ ಗಂಡನ ಕಾಲ ಬಳಿ ನೆಲದ ಮೇಲೆ ಕೂತರು. ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟು ಅತ್ತರು. ಮಗಳು ಬೆನ್ನು ಸವರುತ್ತ ಕೂತಳು. ಪ್ರಾರ್ಥನೆ ಇಲ್ಲದೆ ಹೋಗ್ತಾನೆ ಅನ್ನುವ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಗಂಡನಿಗೆ ಅದು ಬೇಕಿತ್ತು ಅಂತ ಅವರಿಗೆ ಗೊತ್ತಿತ್ತು. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತಿತ್ತು. ಆದರೂ ಹಿಡಿದದ್ದನ್ನು ಬಿಡುವ ಮನಸ್ಸು ಅವರಿಗೆ ಬರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶವದ ಗಾಡಿ ಬಂತು. ಗಾಡಿ ಗೇಟಿನವರೆಗೆ ಮಾತ್ರ. ಅಲ್ಲಿಂದ ಪಂಪಿನ ಮನೆಯ ಹಿಂದಿನವರೆಗೆ ಹೊರಬೇಕು. ಬೀಗದಂಗಡಿಯ ಪಕ್ಕದ ದರ್ಜಿ ಬಂದಿದ್ದ, ಸೈಕಲ್ ಅಂಗಡಿಯವನು ಬಂದಿದ್ದ, ಮಗಳು ಇದ್ದಳು. ನಾಲ್ಕನೆಯ ಹೆಗಲು ಬೇಕಿತ್ತು. ಟೀಚರ್ ಮುಂದೆ ಬಂದರು. ಅಷ್ಟರಲ್ಲಿ ತಂಗಿ ಅಕ್ಕನನ್ನು ಪಕ್ಕಕ್ಕೆ ತಳ್ಳಿದಳು. ನಡುನೋವು ನಡುನೋವು ಅಂತ ಬಿಂದಿಗೆ ಎತ್ತದವಳು, ಸೆರಗು ಸಿಕ್ಕಿಸಿಕೊಂಡು ಹೆಗಲು ಕೊಟ್ಟಳು.

“ನಿನಗೆ ನಾನು ಮಾಡ್ತಿರೋದು ಸರಿ ಕಾಣಲ್ಲ ಅಂದೆಯಲ್ಲೇ?” ಅಂದರು ಟೀಚರ್.

“ಈಗಲೂ ಸರಿ ಕಾಣಲ್ಲ. ನೀನೂ ಇತರೆ ಆಗ್ಬಿಡ್ತೀಯಲ್ಲ ಅಂತ ಹೊಟ್ಟೆ ಉರೀತಿದೆ. ದಾರಿ ಬಿಡು, ಭಾರ ಆಗ್ತಿದೆ” ಅಂದಳು ತಂಗಿ.

“ನಲವತ್ತು ವರ್ಷದಿಂದ ಅದೇ ಆಗಿದೀನಿ ಬಿಡೇ.”

ಇತರೆಯವರ ಮೂಲೆಯಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಗೆರೆ ತಾನೇ ಕುಡುಗೋಲು ಹಿಡಿದು ಒಂದು ದಾರಿ ಸವರಿದ್ದ. ಒಂದು ಕಡೆ ಪಂಪಿನ ಮನೆಯ ಗೋಡೆ, ಇನ್ನೊಂದು ಕಡೆ ಹೆಗಲೆತ್ತರದ ಹಸಿರು ಬೇಲಿ. ಬೇಲಿಯಾಚೆ ಭಾವನವರ ಭಾಗ, ಸಾಲು ಸಾಲು ಬಿಳಿ ಕಲ್ಲು, ಗುಡಿಸಿಟ್ಟ ದಾರಿ. ಬೀಗದವರನ್ನು ಗುಂಡಿಗೆ ಇಳಿಸಿದರು. ಅಗೆಯುವವನು ಸಲಿಕೆ ಹಿಡಿದು ಟೀಚರ್ ಮುಖ ನೋಡಿದ. ಸಾಮಾನ್ಯವಾಗಿ ಈ ಹೊತ್ತಿಗೆ ಯಾರಾದರೂ ಏನಾದರೂ ಹೇಳುತ್ತಾರೆ. ಹೇಳುವವರು ಯಾರೂ ಇರಲಿಲ್ಲ. ಟೀಚರ್ ಬಾಯಿ ತೆರೆದರು, ಯಾವುದನ್ನು ಹೇಳಬೇಕೋ ತಿಳಿಯದೆ ಮುಚ್ಚಿದರು.

ಆಗ ಬೇಲಿಯಾಚೆ ಕೆಮ್ಮು ಕೇಳಿಸಿತು.

ಭಾವ ನಿಂತಿದ್ದರು. ಒಬ್ಬರೇ. ಬೇಲಿಯ ಮೇಲೆ ಬಿಳಿ ತಲೆ, ಎರಡು ಕೈ ಮಾತ್ರ ಕಾಣುತ್ತಿದ್ದವು. ಟೀಚರ್ ಕಡೆ ನೋಡದೆ, ಗುಂಡಿಯ ಕಡೆ ನೋಡುತ್ತ ಅಂದರು: “ಆ ಕಡೆ ಬರಲ್ಲ ನಾನು. ಅದು ಆಗದ ಮಾತು. ನಮ್ಮ ಜಾಗದಲ್ಲೇ ನಿಂತು ಹೇಳ್ತೀನಿ. ಗಾಳಿಗೆ ಯಾರೂ ಬೇಲಿ ಹಾಕಿಲ್ಲವಲ್ಲ.”

ಟೀಚರ್ ತಲೆಯಾಡಿಸಿದರು.

ಭಾವ ಪ್ರಾರ್ಥನೆ ಶುರುಮಾಡಿದರು. ಹೇಳಿ ಹೇಳಿ ಪಳಗಿದ ದನಿ, ಎಷ್ಟೋ ಜನರನ್ನು ಕಳಿಸಿಕೊಟ್ಟ ದನಿ. ಮೊದಲ ಸಾಲು ನೆಟ್ಟಗೆ ಬಂತು, ಎರಡನೆಯದೂ ಬಂತು. ಸತ್ತವರ ಹೆಸರು ಹೇಳುವ ಕಡೆ ಬಂದಾಗ ಚಿಕ್ಕಂದಿನಲ್ಲಿ ತಮ್ಮನನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಬಾಯಿಗೆ ಬಂದುಬಿಟ್ಟಿತು. ಅಲ್ಲಿಗೆ ದನಿ ನಿಂತಿತು. ಮುದುಕ ಬೇಲಿಯ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು. ಮುಂದಿನ ಸಾಲು ಮರೆತೇ ಹೋಗಿತ್ತು.

ಟೀಚರ್ ಆ ಸಾಲು ಹೇಳಿದರು.

ಬೇಕೆಂದು ಹೇಳಿದ್ದಲ್ಲ. ಬಾಯಿಂದ ತಾನಾಗಿ ಬಂತು. ಪಕ್ಕದ ಕೋಣೆಯಿಂದ ದಿನಾ ಬೆಳಿಗ್ಗೆ ಗಂಡನ ಪ್ರಾರ್ಥನೆಯಲ್ಲಿ ಕೇಳಿದ ಸಾಲು ಅದು; ಅವರಿಗೇ ಗೊತ್ತಿಲ್ಲದೆ ಒಳಗೆ ಕೂತಿತ್ತು. ಭಾವ ತಲೆಯೆತ್ತಿ ನೋಡಿದರು. ಅಲ್ಲಿಂದ ಮುಂದಕ್ಕೆ ಹಿಡಿದುಕೊಂಡು ಕೊನೆಯವರೆಗೆ ಹೇಳಿ ಮುಗಿಸಿದರು. ಟೀಚರ್ ಒಂದು ಹಿಡಿ ಮಣ್ಣು ಹಾಕಿ ತಮ್ಮ ದೇವರಿಗೆ ತಮ್ಮ ಮಾತಿನಲ್ಲಿ, ತುಟಿ ಮಾತ್ರ ಆಡಿಸುತ್ತ, ಹೇಳಬೇಕಾದ್ದನ್ನು ಹೇಳಿದರು. ಭಾವ ಬೇಲಿಯಾಚೆಯಿಂದ ಒಂದು ಹಿಡಿ ಮಣ್ಣು ಎಸೆದರು. ಅರ್ಧ ಗುಂಡಿಗೆ ಬಿತ್ತು, ಅರ್ಧ ಗೆರೆಯ ತಲೆಯ ಮೇಲೆ ಬಿತ್ತು. ಗೆರೆ ಒರೆಸಿಕೊಳ್ಳಲಿಲ್ಲ.

ಮಣ್ಣು ಮುಚ್ಚಿಯಾಯಿತು. ದರ್ಜಿ, ಸೈಕಲ್ಲಿನವನು ಹೋದರು. ತಂಗಿ ನಡು ಹಿಡಿದುಕೊಂಡು ಪಂಪಿನ ಮನೆಯ ಕಟ್ಟೆಯ ಮೇಲೆ ಕೂತಳು. ಭಾವ ಮಾತ್ರ ಬೇಲಿ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಉಳಿಸಿದ್ದ ಖಾಲಿ ಜಾಗವನ್ನು ನೋಡುತ್ತ ನಿಂತಿದ್ದರು.

“ಇವನದೇನೋ ಆಯ್ತು,” ಅಂದರು ಕೊನೆಗೆ. ಆಮೇಲೆ ಟೀಚರ್ ಕಡೆ ತಿರುಗಿ ಕೇಳಿದರು: 

“ನಿನ್ನ ಕಾಲಕ್ಕೆ ಯಾರಮ್ಮ ಬರ್ತಾರೆ ಇಲ್ಲಿಗೆ? ನಮ್ಮವರು ಬರಲ್ಲ. ನಿಮ್ಮವರೂ ಈ ಮೂಲೆಗೆ ಕಾಲಿಡಲ್ಲ.”

“ನೀವಿದ್ದೀರಲ್ಲ ಭಾವ. ಅಲ್ಲೇ ನಿಂತು ಹೇಳಿ.”

“ನಾನಾ! ನಿಮ್ಮ ಪ್ರಾರ್ಥನೆ ನನಗೆ ಬರಲ್ಲ. ನಮ್ಮದು ನಿನಗೆ ಸಲ್ಲಲ್ಲ.”

ಟೀಚರ್ ಕೈಯ ಮಣ್ಣು ಕೊಡವಿಕೊಂಡರು. ಮುಖ ಅತ್ತು ಊದಿತ್ತು, ಕಣ್ಣು ಮಾತ್ರ ನೇರ ಭಾವನ ಮೇಲಿತ್ತು.

“ನಿಮಗೆ ಬರೋದನ್ನೇ ಹೇಳಿ. ತಪ್ಪಿದರೆ ಒಳಗಿಂದಲೇ ತಿದ್ತೀನಿ.”